ಪಾಂಪೆಯ ‘ಕಲ್ಲಾದ ಜನ’: ಒಳಗಿರುವುದು ಏನು?

ಪ್ರಶ್ನೆ: ಪಾಂಪೆಯಲ್ಲಿ ಲಾವಾ ಮೈಮೇಲೆ ಹರಿದು ಜನ ಇದ್ದಲ್ಲೇ ಕಲ್ಲಾದರು ಎಂದು ಫೋಟೊ ಸಮೇತ ವಾಟ್ಸ್‌ಆ್ಯಪ್‌ನಲ್ಲಿ ಬಂದಿತ್ತು. ಅವು ಪ್ರವಾಸಿಗರಿಗಾಗಿ ಮಾಡಿಟ್ಟ ಪ್ಲಾಸ್ಟರ್ ಗೊಂಬೆಗಳು ಎಂದು ಗೆಳೆಯರೊಬ್ಬರು ವಾದಿಸುತ್ತಾರೆ. ಯಾವುದು ನಿಜ? ಒಳಗೆ ಮೂಳೆ ಇದೆಯೇ? ಅದೇ ಜ್ವಾಲಾಮುಖಿಗೆ ಸಿಕ್ಕ ಹರ್ಕ್ಯುಲೇನಿಯಂನಲ್ಲಿ ಇಂಥ ಆಕೃತಿಗಳು ಏಕಿಲ್ಲ?

ಉತ್ತರ: ನಿಮಗೆ ಬಂದ ಸಂದೇಶವೂ ತಪ್ಪು, ಗೆಳೆಯರ ವಾದವೂ ತಪ್ಪು. ಇಟಲಿಯ ಪಾಂಪೆ ನಗರದೊಳಗೆ ಕ್ರಿ.ಶ. 79ರಲ್ಲಿ ಲಾವಾ ಹರಿಯಲೇ ಇಲ್ಲ. ಅಲ್ಲಿ ಯಾರೂ ಕಲ್ಲಾಗಲಿಲ್ಲ. ನೀವು ಫೋಟೊದಲ್ಲಿ ನೋಡುವ ಬೂದು ಬಣ್ಣದ ಮೈ ಪ್ಲಾಸ್ಟರ್ ಹೌದು. ಆದರೆ ಅದು ಯಾರೋ ಕೈಯಲ್ಲಿ ತಿದ್ದಿ ಮಾಡಿದ ಗೊಂಬೆಯಲ್ಲ, ಸತ್ತವರ ದೇಹವೇ ಬೂದಿಯಲ್ಲಿ ಬಿಟ್ಟುಹೋದ ಅಚ್ಚಿನಿಂದ ಎರಕ ಹೊಯ್ದದ್ದು. ಬಹುಪಾಲು ಎರಕಗಳೊಳಗೆ ಆ ವ್ಯಕ್ತಿಯ ನಿಜವಾದ ಮೂಳೆಗಳಿವೆ. ಇದರ ಜೊತೆಗೆ ನೆನಪಿಡಬೇಕಾದ ಇನ್ನೊಂದು ಮಾತಿದೆ: ಕಣ್ಣಿಗೆ ಕಾಣುವ ಆಕಾರವನ್ನು ಬೂದಿಯೊಂದೇ ಕೊಟ್ಟಿಲ್ಲ, ಪ್ಲಾಸ್ಟರ್ ಹೊಯ್ದವರ ಮತ್ತು ಆಮೇಲೆ ದುರಸ್ತಿ ಮಾಡಿದವರ ಕೈಯೂ ಅದರಲ್ಲಿ ಸೇರಿದೆ. ಇವುಗಳ ಬಗ್ಗೆ ಹುಟ್ಟಿದ ಹೆಚ್ಚಿನ ಕಟ್ಟುಕಥೆಗಳು ಈ ಮೂರನೆಯ ಪಾಲನ್ನು ಮರೆತದ್ದರಿಂದಲೇ ಹುಟ್ಟಿದವು.

ಅಚ್ಚು ಹೇಗೆ ಉಂಟಾಯಿತು ಎನ್ನುವುದಕ್ಕೆ ಆ ಎರಡು ದಿನ ಏನು ಬಿತ್ತು, ಯಾವ ಕ್ರಮದಲ್ಲಿ ಬಿತ್ತು ಎಂದು ನೋಡಬೇಕು. ವೆಸುವಿಯಸ್ ಮಧ್ಯಾಹ್ನದ ಹೊತ್ತಿಗೆ ಸಿಡಿಯಿತು. ಬೂದಿಯ ಕಂಬ ಸುಮಾರು 30 ಕಿಲೋಮೀಟರ್ ಎತ್ತರಕ್ಕೆ ಏರಿತು. ಗಾಳಿ ಆಗ್ನೇಯ ದಿಕ್ಕಿಗಿದ್ದುದರಿಂದ ಆ ಕಂಬದಿಂದ ಉದುರಿದ್ದೆಲ್ಲ ಪಾಂಪೆಯ ಮೇಲೆ ಬಿತ್ತು. ಮೊದಲು ಬಿದ್ದದ್ದು ಪ್ಯೂಮಿಸ್, ಅಂದರೆ ಹಿಮ್ಮಡಿ ಉಜ್ಜಲು ಅಂಗಡಿಯಲ್ಲಿ ಸಿಗುತ್ತದಲ್ಲ, ಆ ತೂತು ತೂತಾದ ಹಗುರ ಕಲ್ಲು. ಬಟಾಣಿಯಿಂದ ನಿಂಬೆಹಣ್ಣಿನವರೆಗಿನ ಗಾತ್ರದ ಹರಳುಗಳು ಗಂಟೆಗೆ ಸುಮಾರು 15 ಸೆಂಟಿಮೀಟರ್‌ನಂತೆ ಪೇರುತ್ತ ಹೋಗಿ, ಮರುದಿನ ಬೆಳಗಿನ ಹೊತ್ತಿಗೆ ಬೀದಿಗಳಲ್ಲಿ 2.8 ಮೀಟರ್ ದಪ್ಪದ ಪದರವಾಯಿತು. ಚಾವಣಿಗಳು ಭಾರ ತಡೆಯದೆ ಕುಸಿದವು. ಈ ಹಂತದಲ್ಲಿ ಸತ್ತವರಲ್ಲಿ ಹೆಚ್ಚಿನವರು ಮನೆಯೊಳಗೇ ಜಂತೆ, ಹೆಂಚುಗಳ ಅಡಿ ಸಿಕ್ಕಿದವರು.

ಇವರ ಎರಕ ಒಂದೂ ಇಲ್ಲ, ಇರುವುದಕ್ಕೆ ಸಾಧ್ಯವೂ ಇಲ್ಲ. ಕಡಲೆಪುರಿ ಮೂಟೆಯೊಳಗೆ ಒಂದು ಮಾವಿನಹಣ್ಣು ಹುದುಗಿಸಿ ಆಮೇಲೆ ಮೆಲ್ಲಗೆ ಹೊರಗೆಳೆಯಿರಿ. ಅದಿದ್ದ ಜಾಗ ಉಳಿಯುವುದಿಲ್ಲ, ಪುರಿ ಜಾರಿ ತುಂಬಿಕೊಳ್ಳುತ್ತದೆ. ಪ್ಯೂಮಿಸ್ ಪದರವೂ ಹಾಗೇ. ಮಾಂಸ ಕೊಳೆತಂತೆ ಹರಳುಗಳು ಒಳಕ್ಕೆ ಜಾರಿ, ಕೊನೆಗೆ ಬರೀ ಅಸ್ಥಿಪಂಜರ ಉಳಿಯಿತು. ಲೆಕ್ಕ ಸಿಕ್ಕ 1,044 ದೇಹಗಳಲ್ಲಿ 394 ಈ ಕೆಳಪದರದವು, 650 ಮೇಲಿನ ಪದರದವು.

ಮೇಲಿನ ಪದರವೇ ಬೇರೆ ಜಾತಿ. ಎರಡನೆಯ ದಿನ ಬೆಳಿಗ್ಗೆ ಬೂದಿಯ ಕಂಬ ಕುಸಿದು, ಬಿಸಿ ಬೂದಿ ಮತ್ತು ಅನಿಲಗಳ ಮೋಡ ನೆಲಕ್ಕಂಟಿಕೊಂಡು ಬೆಟ್ಟದಿಂದ ಇಳಿಯಿತು. ಪೈರೋಕ್ಲಾಸ್ಟಿಕ್ ಪ್ರವಾಹ ಎಂದು ಇದಕ್ಕೆ ಹೆಸರು. ಪಾಂಪೆಯಲ್ಲಿ ಇದರ ಉಷ್ಣತೆ ಎಷ್ಟಿತ್ತು ಎಂಬ ಬಗ್ಗೆ ಸಂಶೋಧಕರ ಜಗಳ ಇನ್ನೂ ಮುಗಿದಿಲ್ಲ: ನೂರು ಡಿಗ್ರಿ ಸೆಲ್ಸಿಯಸ್ಸಿಗಿಂತ ಸ್ವಲ್ಪ ಮೇಲೆ ಎನ್ನುವವರಿಂದ ಹಿಡಿದು 300ರ ಹತ್ತಿರ ಎನ್ನುವವರವರೆಗೂ ಇದ್ದಾರೆ. ಸಾವು ಬಿಸಿಯಿಂದಲೋ ಉಸಿರುಗಟ್ಟಿಯೋ ಎಂಬ ವಾದವೂ ಅದಕ್ಕೆ ಹೊಂದಿಕೊಂಡೇ ಬಂದಿದೆ. ನಮ್ಮ ಪ್ರಶ್ನೆಗೆ ಮುಖ್ಯವಾದದ್ದು ಆ ಬೂದಿಯ ನಯ. ಹಿಟ್ಟಿನಷ್ಟು ಸಣ್ಣಗಿದ್ದ ಬೂದಿ ಬಟ್ಟೆಯ ಮಡಿಕೆಗೂ ಅಂಟಿಕೊಂಡು, ತೇವ ಹಿಡಿದು, ದೇಹ ಕೊಳೆಯುವ ಮುನ್ನವೇ ಗಟ್ಟಿಯಾಯಿತು. ಆಮೇಲೆ ಮಾಂಸ, ಬಟ್ಟೆ ಎಲ್ಲ ಕರಗಿಹೋದಾಗ ಗೋಡೆ ಕುಸಿಯಲಿಲ್ಲ. ಮನುಷ್ಯನ ಆಕಾರದ ಪೊಳ್ಳು ಉಳಿಯಿತು, ಅದರ ತಳದಲ್ಲಿ ಮೂಳೆಗಳು.

ಪಂಚಲೋಹದ ವಿಗ್ರಹ ಎರಕ ಹೊಯ್ಯುವುದನ್ನು ಕಂಡವರಿಗೆ ಇದು ಥಟ್ಟನೆ ಅರ್ಥವಾಗುತ್ತದೆ. ಮೇಣದ ಮೂರ್ತಿಗೆ ಮಣ್ಣು ಮೆತ್ತಿ ಒಣಗಿಸಿ, ಕಾಯಿಸಿ ಮೇಣ ಇಳಿಸಿ, ಆ ಪೊಳ್ಳಿಗೆ ಲೋಹ ಹೊಯ್ಯುತ್ತಾರೆ. ಪಾಂಪೆಯಲ್ಲಿ ದೇಹವೇ ಮೇಣ, ಬೂದಿಯೇ ಮಣ್ಣು. ಲೋಹ ಹೊಯ್ಯುವ ಕೊನೆಯ ಕೆಲಸ ಮಾತ್ರ 1,784 ವರ್ಷ ಬಾಕಿ ಉಳಿಯಿತು.

ಪಾಂಪೆಯಲ್ಲಿ ಅಗೆತ ಶುರುವಾದದ್ದು 1748ರಲ್ಲಿ. ಮುಂದಿನ ನೂರಕ್ಕೂ ಹೆಚ್ಚು ವರ್ಷ ಗುದ್ದಲಿಗೆ ಸಿಕ್ಕ ಪೊಳ್ಳುಗಳೆಲ್ಲ ಒಡೆದುಹೋದವು. ಅಚ್ಚನ್ನು ಯಾರೂ ಗಮನಿಸಿರಲಿಲ್ಲ ಎಂದಲ್ಲ. 1772ರಲ್ಲಿ ಡಯೊಮಿಡೀಸ್‌ನ ವಿಲ್ಲಾ ಎಂಬ ಮನೆಯ ನೆಲಮಾಳಿಗೆಯಲ್ಲಿ ಹದಿನೆಂಟು ಜನರ ಗುಂಪು ಸಿಕ್ಕಾಗ ಗಟ್ಟಿ ಬೂದಿಯಲ್ಲಿ ಒಬ್ಬ ಹೆಂಗಸಿನ ಎದೆಯ ಅಚ್ಚು ಕಂಡು, ಆ ತುಂಡನ್ನು ಕತ್ತರಿಸಿ ವಸ್ತುಸಂಗ್ರಹಾಲಯಕ್ಕೆ ಸಾಗಿಸಿದ್ದರು. ಬಾಗಿಲು, ಪೀಠೋಪಕರಣಗಳ ಪೊಳ್ಳಿಗೆ ಪ್ಲಾಸ್ಟರ್ ಹೊಯ್ಯುವ ಪ್ರಯೋಗವೂ ಆಗಿತ್ತು. ಮನುಷ್ಯರ ಪೊಳ್ಳಿಗೆ ಅದನ್ನು ಯಶಸ್ವಿಯಾಗಿ ಬಳಸಿದ್ದು ಅಗೆತದ ಉಸ್ತುವಾರಿ ಹೊತ್ತಿದ್ದ ಜುಸೆಪ್ಪೆ ಫಿಯೊರೆಲ್ಲಿ, 1863ರ ಫೆಬ್ರುವರಿಯಲ್ಲಿ. ಆ ದೇಹಗಳು ಸಿಕ್ಕ ಓಣಿಗೆ ‘ಅಸ್ಥಿಪಂಜರಗಳ ಓಣಿ’ ಎಂಬ ಹೆಸರೇ ನಿಂತಿತು. ನನ್ನ ದೃಷ್ಟಿಯಲ್ಲಿ ಫಿಯೊರೆಲ್ಲಿಯ ದೊಡ್ಡ ಸಾಧನೆ ಪ್ಲಾಸ್ಟರ್ ಅಲ್ಲ, ಅಗೆಯುವ ಕ್ರಮ. ಮೊದಲು ಬೀದಿ ಅಗೆದು ಆಮೇಲೆ ಮನೆಗಳನ್ನು ಪಕ್ಕದಿಂದ ಕೊರೆಯುತ್ತಿದ್ದರು. ಮೇಲಿನಿಂದ ಪದರ ಪದರವಾಗಿ ಇಳಿಯಬೇಕೆಂದು ಅವರು ನಿಯಮ ಮಾಡಿದರು. ಹಾಗೆ ಇಳಿಯುವಾಗಲೇ ಗಟ್ಟಿ ಬೂದಿಯ ಪದರದಲ್ಲಿ ಪೊಳ್ಳಿನ ಬಾಯಿ ಮೊದಲು ಕಾಣುವುದು, ಪಕ್ಕದಿಂದ ಕೊರೆದರೆ ಅದು ಒಡೆದ ಮೇಲಷ್ಟೇ ಗೊತ್ತಾಗುತ್ತದೆ.

ಈಗ ಕೆಲಸದ ವಿಚಾರ. ಗುದ್ದಲಿಯ ತುದಿ ಸಡಿಲಾಗಿ ಒಳಕ್ಕೆ ಹೋಗಿ, ಕೈ ಹಿಡಿಸುವಷ್ಟು ತೂತು ಕಂಡರೆ ಅಲ್ಲಿಗೆ ಅಗೆತ ನಿಲ್ಲಬೇಕು. ಇಂದು ಆ ತೂತಿನೊಳಗೆ ಎಂಡೋಸ್ಕೋಪ್ ಇಳಿಸಿ, ಅದು ಮನುಷ್ಯನೋ ಪ್ರಾಣಿಯೋ ಮರದ ತೊಲೆಯೋ ಬೇರೋ ಎಂದು ಮೊದಲು ತಿಳಿದುಕೊಳ್ಳುತ್ತಾರೆ. ಒಳಗೆ ಉದುರಿದ ಬೂದಿಯನ್ನು ತೆಗೆಯುತ್ತಾರೆ. ಕೈಗೆಟಕುವ ಮೂಳೆಗಳನ್ನು ಈಗ ಪ್ಲಾಸ್ಟರ್ ಹೊಯ್ಯುವ ಮೊದಲೇ ಪರೀಕ್ಷಿಸುತ್ತಾರೆ. ಫಿಯೊರೆಲ್ಲಿ ಕಾಲದಲ್ಲಿ ಮೂಳೆಯ ಚಿಂತೆ ಯಾರಿಗೂ ಇರಲಿಲ್ಲ, ಆಕಾರ ಸಿಕ್ಕರೆ ಸಾಕಿತ್ತು. ನಂತರ ಎರಕ ಹೊಯ್ಯಲು ಒಂದು ಬಾಯಿ, ಗಾಳಿ ಹೊರಹೋಗಲು ದೂರದಲ್ಲಿ ಇನ್ನೊಂದು. ಗಾಳಿಯ ದಾರಿ ಮರೆತರೆ ಎತ್ತಿದ ಕೈ, ಮಡಿಸಿದ ಮೊಣಕಾಲಿನಂಥ ಎತ್ತರದ ಜಾಗಗಳಲ್ಲಿ ಗಾಳಿ ಸಿಕ್ಕಿಬಿದ್ದು, ಎರಕದಲ್ಲಿ ಅಷ್ಟು ಭಾಗ ಹುಟ್ಟುವುದೇ ಇಲ್ಲ.

ಪ್ಲಾಸ್ಟರ್ ಅಂದರೆ ನಮ್ಮ ಗಣೇಶನ ಮೂರ್ತಿಗಳಿಂದ ಎಲ್ಲರಿಗೂ ಪರಿಚಯವಾದ ಪ್ಲಾಸ್ಟರ್ ಆಫ್ ಪ್ಯಾರಿಸ್. ಜಿಪ್ಸಮ್ ಕಲ್ಲನ್ನು ಸುಮಾರು 150 ಡಿಗ್ರಿಯಲ್ಲಿ ಸುಟ್ಟರೆ ಅದರಲ್ಲಿರುವ ನೀರಿನ ಮುಕ್ಕಾಲು ಪಾಲು ಹೋಗುತ್ತದೆ. ಆ ಪುಡಿಗೆ ಮತ್ತೆ ನೀರು ಸೇರಿಸಿದರೆ ಸೂಜಿಯಂಥ ಹರಳುಗಳು ಹೆಣೆದುಕೊಂಡು ಬಿಸಿಯಾಗುತ್ತ ಗಟ್ಟಿಯಾಗುತ್ತದೆ. ಈ ಕೆಲಸಕ್ಕೆ ಅದು ಒಗ್ಗಲು ಒಂದು ವಿಶೇಷ ಗುಣ ಕಾರಣ: ಸಿಮೆಂಟು ಒಣಗುವಾಗ ಕುಗ್ಗುತ್ತದೆ, ಪ್ಲಾಸ್ಟರ್ ಗಟ್ಟಿಯಾಗುವಾಗ ಶೇ. 0.2–0.3ರಷ್ಟು ಹಿಗ್ಗುತ್ತದೆ. ಹಿಗ್ಗಿ ಗೋಡೆಗೆ ಒತ್ತಿಕೊಳ್ಳುವುದರಿಂದಲೇ ಹಣೆಯ ಸುಕ್ಕು, ಚಪ್ಪಲಿಯ ಬಾರು, ಬಟ್ಟೆಯ ನೇಯ್ಗೆಯೂ ಮೂಡುತ್ತವೆ.

ಪ್ರಮಾಣ ಎಷ್ಟು? 60 ಕಿಲೋ ತೂಕದ ವ್ಯಕ್ತಿಯ ದೇಹದ ಗಾತ್ರ ಹೆಚ್ಚುಕಡಿಮೆ 60 ಲೀಟರ್. 1 ಕಿಲೋ ಪುಡಿಗೆ 700 ಮಿಲಿಲೀಟರ್ ನೀರು ಬೆರೆಸಿದರೆ ಸುಮಾರು 1.1 ಲೀಟರ್ ಗಂಜಿಯಾಗುತ್ತದೆ. ಅಂದರೆ ಒಬ್ಬರಿಗೆ 55 ಕಿಲೋ ಪುಡಿ, 38 ಲೀಟರ್ ನೀರು, ಬಟ್ಟೆಯ ದಪ್ಪಕ್ಕೆ ಇನ್ನಷ್ಟು. ತೊಂದರೆ ಇರುವುದು ಸಮಯದಲ್ಲಿ. ಬೆರೆಸಿದ ಗಂಜಿ ಹರಿಯುವ ಸ್ಥಿತಿಯಲ್ಲಿರುವುದು ಕೆಲವೇ ನಿಮಿಷ. ಆದ್ದರಿಂದ ಹಲವರು ಬಕೆಟ್‌ಗಳಲ್ಲಿ ಒಂದರ ಹಿಂದೊಂದು ಬೆರೆಸುತ್ತ ಸರಪಳಿಯಂತೆ ಕೊಡುತ್ತಿರಬೇಕು, ಹೊಯ್ಯುವವರ ಕೈ ನಿಲ್ಲಬಾರದು. ನಡುವೆ ನಿಂತರೆ ಕೆಳಗಿನದು ಸೆಟ್ ಆಗಿ, ಮೇಲಿನದು ಅದಕ್ಕೆ ಬೆಸೆಯದೆ ಗೆರೆ ಉಳಿಯುತ್ತದೆ, ಮುಂದೆ ಎರಕ ಎತ್ತುವಾಗ ಅಲ್ಲೇ ಮುರಿಯುತ್ತದೆ. ನೀರು ಹೆಚ್ಚಾದರೆ ಬೆರಳ ತುದಿಯವರೆಗೂ ಚೆನ್ನಾಗಿ ಹರಿಯುತ್ತದೆ, ಆದರೆ ಒಣಗಿದ ಮೇಲೆ ಸೀಮೆಸುಣ್ಣದಂತೆ ಉದುರುತ್ತದೆ. ನೀರು ಕಡಿಮೆಯಾದರೆ ಗಟ್ಟಿ ಬರುತ್ತದೆ, ಬೆರಳುಗಳೇ ಬರುವುದಿಲ್ಲ. ಸಾಲದ್ದಕ್ಕೆ ಒಣ ಬೂದಿಯ ಗೋಡೆ ಗಂಜಿಯ ನೀರನ್ನು ಹೀರುತ್ತದೆ. ಕಿರಿದಾದ ಜಾಗಗಳಲ್ಲಿ ಲೆಕ್ಕಕ್ಕಿಂತ ಬೇಗ ಕಟ್ಟಿಕೊಳ್ಳಲು ಅದೂ ಕಾರಣ.

ಹೊಯ್ದು ಕೆಲವು ದಿನ ಬಿಟ್ಟು, ಸುತ್ತಲಿನ ಬೂದಿಯನ್ನು ಸಣ್ಣ ಉಪಕರಣಗಳಿಂದ ಕೆರೆದು ತೆಗೆಯುತ್ತಾರೆ. ಇಲ್ಲಿ ಅಚ್ಚು ನಾಶವಾಗುತ್ತದೆ. ಎರಡನೆಯ ಪ್ರಯತ್ನ ಎಂಬುದೇ ಇಲ್ಲ. ನಗರದಲ್ಲಿ ಇದುವರೆಗೆ ಸಾವಿರಕ್ಕೂ ಹೆಚ್ಚು ದೇಹಗಳು ಸಿಕ್ಕಿದ್ದರೂ ಎರಕಗಳು ನೂರರ ಆಸುಪಾಸಿನಲ್ಲೇ ಉಳಿಯಲು ಇದೂ ಒಂದು ಕಾರಣ.

ಮೂಳೆಯ ಬಗ್ಗೆ ಕೇಳಿದ್ದೀರಿ. ದೇಹ ಕೊಳೆತಾಗ ಅಸ್ಥಿಪಂಜರ ಪೊಳ್ಳಿನ ನಡುವೆ ತೇಲುತ್ತ ನಿಲ್ಲುವುದಿಲ್ಲವಷ್ಟೆ. ತಳಕ್ಕೆ ಕುಸಿಯುತ್ತದೆ. ಹಾಗಾಗಿ ಎರಕದಲ್ಲಿ ಮೂಳೆಗಳು ಮಧ್ಯದಲ್ಲಿರದೆ ನೆಲಕ್ಕೆ ತಾಗಿದ್ದ ಬದಿಗೆ ಸೇರಿಕೊಂಡಿರುತ್ತವೆ, ಕೆಲವು ಕಡೆ ಹೊರಗೇ ಇಣುಕುತ್ತವೆ. ಹಲ್ಲು, ತಲೆಬುರುಡೆ, ಪಾದದ ಮೂಳೆ ಬರಿಗಣ್ಣಿಗೆ ಕಾಣುವ ಎರಕಗಳು ಹಲವು ಇವೆ. 2015ರಲ್ಲಿ ಎರಕಗಳನ್ನು ಸಿ.ಟಿ. ಸ್ಕ್ಯಾನ್ ಯಂತ್ರಕ್ಕೆ ಹಾಕಿದರು. ಯಂತ್ರದ ಬಾಯಿ 70 ಸೆಂಟಿಮೀಟರ್, ಕೈಕಾಲು ಚಾಚಿದ ದೊಡ್ಡವರು ಅದರಲ್ಲಿ ಹಿಡಿಸುವುದಿಲ್ಲ, ಅವರ ತಲೆ ಎದೆಗಳನ್ನಷ್ಟೇ ನೋಡಲಾಯಿತು. ಪ್ಲಾಸ್ಟರ್ ಮೂಳೆಯಷ್ಟೇ ದಟ್ಟವಾದ್ದರಿಂದ ಚಿತ್ರದಲ್ಲಿ ಎರಡನ್ನೂ ಬೇರ್ಪಡಿಸುವುದೂ ಸುಲಭವಲ್ಲ. ಹೀಗಿದ್ದೂ ಒಂದು ಸಂಗತಿ ಚೆನ್ನಾಗಿ ತಿಳಿಯಿತು: ಕೆಲವು ಎರಕಗಳಲ್ಲಿ ಹೊಯ್ಯುವ ಮುನ್ನವೇ ಮೂಳೆ ತೆಗೆದಿದ್ದಾರೆ, ಕೆಲವಕ್ಕೆ ಒಳಗೆ ಲೋಹದ ಸರಳು ಕೊಟ್ಟಿದ್ದಾರೆ, ಕೆಲವನ್ನು ನೋಡಲು ಚೆನ್ನಾಗಿರಲೆಂದು ತಿದ್ದಿದ್ದಾರೆ. ಕಬ್ಬಿಣದ ಸರಳು ಇಂದಿನ ಸಂರಕ್ಷಕರಿಗೆ ದೊಡ್ಡ ತಲೆನೋವು. ತೇವಕ್ಕೆ ತುಕ್ಕು ಹಿಡಿದು ಉಬ್ಬಿ ಒಳಗಿನಿಂದಲೇ ಪ್ಲಾಸ್ಟರ್ ಸೀಳುತ್ತದೆ. ಜಿಪ್ಸಮ್ ನೀರಿನಲ್ಲಿ ಲೀಟರಿಗೆ ಎರಡು ಗ್ರಾಂನಷ್ಟು ಕರಗುವುದರಿಂದ, ಮಳೆ ಎರಚಲು ತಾಗುವ ಜಾಗದಲ್ಲಿಟ್ಟ ಎರಕದ ಮುಖಭಾವ ಕೆಲವು ದಶಕಗಳಲ್ಲಿ ಮಾಸುತ್ತದೆ. 1943ರಲ್ಲಿ ಮಿತ್ರರಾಷ್ಟ್ರಗಳ ವಿಮಾನಗಳು ಪಾಂಪೆಯ ಮೇಲೂ ಬಾಂಬು ಹಾಕಿದಾಗ ವಸ್ತುಸಂಗ್ರಹಾಲಯದಲ್ಲಿದ್ದ ಕೆಲವು ಹಳೆಯ ಎರಕಗಳು ಪುಡಿಯಾದವು.

ಪ್ಲಾಸ್ಟರ್ ಬಿಟ್ಟು ಬೇರೇನಾದರೂ ಹೊಯ್ಯಬಾರದೇ ಎಂದು ನೀವು ಕೇಳಬಹುದು. ಹೊಯ್ದಿದ್ದಾರೆ. 1984ರಲ್ಲಿ ಓಪ್ಲಾಂಟಿಸ್‌ನಲ್ಲಿ, ಅಂದರೆ ಇಂದಿನ ಟೊರ್ರೆ ಅನುನ್ಸಿಯಾಟಾದಲ್ಲಿ, ಸಿಕ್ಕ ಒಬ್ಬ ಹೆಂಗಸಿನ ಪೊಳ್ಳಿಗೆ ಮೊದಲು ಮೇಣ ಹೊಯ್ದು, ಆ ಮೇಣದ ಮೂರ್ತಿಗೆ ಹೊಸ ಅಚ್ಚು ಕಟ್ಟಿ, ಮೇಣದ ಜಾಗಕ್ಕೆ ಪಾರದರ್ಶಕ ರಾಳ ತುಂಬಿದರು. ಜೇನಿನಂಥ ಬಣ್ಣದ ಮೈಯೊಳಗೆ ಮೂಳೆ, ಒಡವೆ ಎಲ್ಲ ಕಾಣುತ್ತವೆ. ದುಡ್ಡು, ಸಮಯ, ಕೌಶಲ ಮೂರೂ ಮಿತಿಮೀರಿ ಬೇಕಾದ್ದರಿಂದ ಅದು ರೂಢಿಗೆ ಬರಲಿಲ್ಲ. 2020ರಲ್ಲಿ ಪಾಂಪೆ ನಗರದ ಹೊರಗಿನ ಚಿವಿಟಾ ಜುಲಿಯಾನಾದ ಒಂದು ವಿಲ್ಲಾದಲ್ಲಿ ಇಬ್ಬರು ಗಂಡಸರ ಪೊಳ್ಳು ಸಿಕ್ಕಾಗ ಮತ್ತೆ ಪ್ಲಾಸ್ಟರನ್ನೇ ಹೊಯ್ದರು. ಅದೇ ವಿಲ್ಲಾದಲ್ಲಿ ಕುದುರೆಯ ಎರಕವೂ, ಆಳುಗಳ ಕೋಣೆಯ ಮಂಚಗಳ ಎರಕವೂ ಸಿಕ್ಕಿವೆ. ಬಳ್ಳಿ, ಮರಗಳ ಬೇರಿನ ಪೊಳ್ಳಿಗೆ ಮಾತ್ರ ತಂತಿ ಇಳಿಸಿ ಸಿಮೆಂಟು ತುಂಬುತ್ತಾರೆ. ಆಂಫಿಥಿಯೇಟರಿನ ಪಕ್ಕದ ಹೊಲ ದ್ರಾಕ್ಷಿತೋಟವಾಗಿತ್ತೆಂದು ತಿಳಿದದ್ದು ಎರಡು ಸಾವಿರಕ್ಕೂ ಹೆಚ್ಚು ಬೇರುಗಳ ಇಂಥ ಎಣಿಕೆಯಿಂದ.

ಇನ್ನು ಕಟ್ಟುಕಥೆಗಳು. ಮುಷ್ಟಿ ಬಿಗಿದು ಎದೆಯ ಮುಂದೆ ಎತ್ತಿದ ಕೈಗಳನ್ನು ತೋರಿಸಿ ‘ಕೊನೆಯವರೆಗೆ ಹೋರಾಡಿದ’ ಎನ್ನುತ್ತಾರೆ. ಬಿಸಿಗೆ ಸ್ನಾಯುಗಳು ಕುಗ್ಗಿ ಮೊಣಕೈ ಮೊಣಕಾಲು ಮಡಚಿಕೊಳ್ಳುವುದು ಬೆಂಕಿ ಅನಾಹುತದ ಶವಗಳಲ್ಲೂ ಕಾಣುವ ಭಂಗಿ, ಸತ್ತ ಮೇಲೂ ಆಗುತ್ತದೆ. ಹೊಟ್ಟೆಯ ಹತ್ತಿರ ಉಬ್ಬಿದ ಎರಕವನ್ನು ಗರ್ಭಿಣಿ ಎಂದರು, ಆ ಉಬ್ಬು ಸೊಂಟಕ್ಕೆ ಸೇರಿದ ಬಟ್ಟೆಯ ಗಂಟೂ ಆಗಿರಬಹುದು.

ಎಲ್ಲಕ್ಕಿಂತ ಪ್ರಸಿದ್ಧವಾದ ಎರಡು ಕಥೆಗಳನ್ನು 2024ರಲ್ಲಿ ಪ್ರಕಟವಾದ ಡಿ.ಎನ್‌.ಎ. ಅಧ್ಯಯನ ಕೆಡವಿತು. ದುರಸ್ತಿಯಲ್ಲಿದ್ದ 86 ಎರಕಗಳ ಪೈಕಿ 14ರಿಂದ ಮೂಳೆಯ ಮಾದರಿ ತೆಗೆದಿದ್ದರು. ‘ಚಿನ್ನದ ಬಳೆಯ ಮನೆ’ಯಲ್ಲಿ ಮಗುವನ್ನು ಎತ್ತಿಕೊಂಡಿದ್ದ ವ್ಯಕ್ತಿಯ ಬಳಿ ಆರುನೂರು ಗ್ರಾಂ ಮೀರಿದ ಬಳೆ ಸಿಕ್ಕಿತ್ತು. ಬಳೆ ಇದೆ, ಮಗು ಇದೆ, ಅಂದಮೇಲೆ ತಾಯಿಯೇ ಎಂದು ಎಲ್ಲರೂ ಬರೆದರು. ಆ ವ್ಯಕ್ತಿ ಗಂಡಸು, ಮಗುವಿಗೆ ರಕ್ತಸಂಬಂಧಿಯೂ ಅಲ್ಲ. ‘ಕ್ರಿಪ್ಟೊಪೋರ್ಟಿಕಸ್ ಮನೆ’ಯಲ್ಲಿ ತಬ್ಬಿಕೊಂಡ ಜೋಡಿಯನ್ನು ಅಕ್ಕತಂಗಿಯರು, ತಾಯಿಮಗಳು ಎಂದೆಲ್ಲ ಕರೆದಿದ್ದರು. ಒಬ್ಬರಾದರೂ ಗಂಡು ಎಂದು ಪರೀಕ್ಷೆ ಹೇಳಿತು. ಪ್ಲಾಸ್ಟರ್ ಮೈಯನ್ನು ನೋಡಿ ಸಂಬಂಧ ಹೇಳುವುದು ಎಷ್ಟು ಅಪಾಯಕಾರಿ ಎಂಬುದಕ್ಕೆ ಇದಕ್ಕಿಂತ ಬೇರೆ ಸಾಕ್ಷಿ ಬೇಡ. ಎರಕ ನಂಬಿಕೆಯಿಂದ ಹೇಳಬಲ್ಲದ್ದು ದೇಹ ಯಾವ ಪದರದಲ್ಲಿ, ಯಾವ ಭಂಗಿಯಲ್ಲಿ, ಏನು ತೊಟ್ಟು ಬಿದ್ದಿತ್ತು ಎನ್ನುವುದನ್ನು. ಅದಕ್ಕೂ ಮೂಲ ಅಗೆತದ ದಾಖಲೆ ಜೊತೆಗಿರಬೇಕು. ಉದಾಹರಣೆಗೆ, ಎರಕವಾದವರ ದಪ್ಪ ಉಣ್ಣೆಯ ಬಟ್ಟೆಯನ್ನು ತೋರಿಸಿ ಸ್ಫೋಟ ಆಗಿದ್ದು ರೂಢಿಯಲ್ಲಿ ಹೇಳುವ ಆಗಸ್ಟ್ 24ರಂದಲ್ಲ, ಚಳಿ ಶುರುವಾದ ಅಕ್ಟೋಬರಿನಲ್ಲಿ ಎಂದು ವಾದಿಸುವವರಿದ್ದಾರೆ. ಆಕಾಶದಿಂದ ಕಲ್ಲು ಬೀಳುವಾಗ ಬೇಸಿಗೆಯಲ್ಲೂ ಯಾರಾದರೂ ಕಂಬಳಿ ಹೊದ್ದೇ ಓಡುತ್ತಾರೆ. ಅಕ್ಟೋಬರಿನ ಪರವಾಗಿ ಬಟ್ಟೆಗಿಂತ ಗಟ್ಟಿ ಪುರಾವೆ 2018ರಲ್ಲಿ ಗೋಡೆಯ ಮೇಲೆ ಸಿಕ್ಕ ಇದ್ದಿಲಿನ ಬರಹ. ಅದರಲ್ಲಿ ಅಕ್ಟೋಬರ್ 17ಕ್ಕೆ ಸಮನಾದ ರೋಮನ್ ತಾರೀಖಿದೆ, ಇದ್ದಿಲಿನಲ್ಲಿ ಗೀಚಿದ್ದು ವರ್ಷಗಟ್ಟಲೆ ಉಳಿಯುವಂಥದ್ದಲ್ಲ.

ಹರ್ಕ್ಯುಲೇನಿಯಂ ವಿಚಾರ. ಅದು ಬೆಟ್ಟಕ್ಕೆ ಇನ್ನೂ ಹತ್ತಿರ, ಪಶ್ಚಿಮಕ್ಕೆ. ಗಾಳಿ ಆ ಕಡೆಗೆ ಇಲ್ಲದ್ದರಿಂದ ಪ್ಯೂಮಿಸ್ ಅಷ್ಟಾಗಿ ಬೀಳಲಿಲ್ಲ, ಆದರೆ ಬಿಸಿ ಪ್ರವಾಹಗಳು ಮೊದಲು ಅಲ್ಲಿಗೇ ನುಗ್ಗಿದವು, ಒಂದರ ಮೇಲೊಂದು ಸೇರಿ ಸುಮಾರು 20 ಮೀಟರ್ ದಪ್ಪವಾಯಿತು. ಉಷ್ಣತೆಯೂ ಪಾಂಪೆಗಿಂತ ಬಹಳ ಹೆಚ್ಚು: ಒಬ್ಬ ಯುವಕನ ಮಿದುಳು ಗಾಜಾಗಿರುವುದನ್ನು ಪರೀಕ್ಷಿಸಿದವರು, ಅದಕ್ಕೆ ಕನಿಷ್ಠ 510 ಡಿಗ್ರಿ ಬೇಕಾಗಿತ್ತು ಎಂದಿದ್ದಾರೆ. ಅಂಥ ಬಿಸಿಯಲ್ಲಿ ಬೂದಿ ಗಟ್ಟಿಯಾಗುವವರೆಗೆ ಮಾಂಸ ಉಳಿಯಲಿಲ್ಲ. ಅದು ಹೋದ ಜಾಗಕ್ಕೆ ಇನ್ನೂ ಸಡಿಲವಾಗಿದ್ದ ಬೂದಿಯೇ ತುಂಬಿಕೊಂಡಿತು. ಪೊಳ್ಳಿಲ್ಲ, ಹಾಗಾಗಿ ಎರಕವಿಲ್ಲ. ಅದಕ್ಕೆ ಬದಲು ಪಾಂಪೆಯಲ್ಲಿ ಕೊಳೆತುಹೋದ ಮರದ ತೊಲೆ, ತೊಟ್ಟಿಲು, ರೊಟ್ಟಿ, ಪಪೈರಸ್ ಸುರುಳಿಗಳು ಅಲ್ಲಿ ಇದ್ದಿಲಾಗಿ ಉಳಿದವು. ಊರಿನಲ್ಲಿ ಬೆರಳೆಣಿಕೆಯಷ್ಟು ದೇಹಗಳು ಸಿಕ್ಕಿದ್ದರಿಂದ ಜನ ತಪ್ಪಿಸಿಕೊಂಡರೆಂದೇ ಬಹಳ ಕಾಲ ತಿಳಿದಿದ್ದರು. 1980ರಿಂದ ಹಳೆಯ ಕಡಲ ದಂಡೆಯನ್ನು ಅಗೆದಾಗ, ದೋಣಿ ಇಡುವ ಕಮಾನುಗೂಡುಗಳಲ್ಲಿ ಮುನ್ನೂರಕ್ಕೂ ಹೆಚ್ಚು ಅಸ್ಥಿಪಂಜರಗಳು ಒತ್ತಿಕೊಂಡು ಕೂತಂತೆ ಸಿಕ್ಕವು.

ಮುಂದೆ ಯಾವಾಗಲಾದರೂ ಹೋಗುವಿರಾದರೆ: ನೇಪಲ್ಸ್‌ನಿಂದ ಚಿರ್ಕುಮ್‌ವೆಸುವಿಯಾನಾ ಎಂಬ ಸ್ಥಳೀಯ ರೈಲಿನಲ್ಲಿ ಎರಡೂ ಊರುಗಳು ಒಂದೇ ಹಾದಿಯಲ್ಲಿ ಸಿಗುತ್ತವೆ, ಇಳಿಯುವ ನಿಲ್ದಾಣಗಳು ಎರ್ಕೊಲಾನೊ ಸ್ಕಾವಿ ಮತ್ತು ಪೊಂಪೈ ಸ್ಕಾವಿ. ಪಾಂಪೆಯ ಫೋರಂ, ಅಂದರೆ ನಗರದ ಮುಖ್ಯ ಚೌಕದ, ಪಕ್ಕದ ಉಗ್ರಾಣದ ಜಾಲರಿಯ ಮುಂದೆ ಜನ ಮುಗಿಬೀಳುತ್ತಾರೆ. ಅದಕ್ಕಿಂತ ಆಗ್ನೇಯ ಮೂಲೆಯಲ್ಲಿರುವ ‘ಪಲಾಯನಗೈದವರ ತೋಟ’ಕ್ಕೆ ಹೋಗಿ, ಅಲ್ಲಿ 1961ರಲ್ಲಿ ಹೊಯ್ದ ಹದಿಮೂರು ಜನರ ಎರಕಗಳಿವೆ, ಸತ್ತ ಜಾಗದಲ್ಲೇ. ಅವರು ಮಲಗಿರುವ ಮಟ್ಟ ಗಮನಿಸಿ: ರೋಮನ್ ಕಾಲದ ನೆಲಕ್ಕಿಂತ ಮೇಲೆ, ಪ್ಯೂಮಿಸ್ ಪದರದ ತಲೆಯ ಮೇಲೆ. ಅಂದರೆ ಕಲ್ಲಿನ ಮಳೆ ಮುಗಿಯುವವರೆಗೂ ಅವರು ಬದುಕಿದ್ದರು. ಆಮೇಲೆ ಹರ್ಕ್ಯುಲೇನಿಯಂನ ದೋಣಿಗೂಡುಗಳ ಮುಂದೆ ನಿಂತರೆ ಮೂಳೆಗಳ ರಾಶಿ ಕಾಣುತ್ತದೆ. ನೋಡಿದವರೆಲ್ಲ ‘ಇವು ಮಾತ್ರ ಅಸಲಿ’ ಎನ್ನುತ್ತಾರೆ. ಅಲ್ಲ. ಮೂಲ ಅಸ್ಥಿಪಂಜರಗಳನ್ನು ಅಧ್ಯಯನಕ್ಕೆ ಎತ್ತಿದ ಮೇಲೆ ಅದೇ ಜಾಗದಲ್ಲಿ ಕೂರಿಸಿದ ಪ್ರತಿಕೃತಿಗಳು ಅವು.